ಅರ್ಧ ಗಂಟೆಗೊಂದು ಟಿಪ್ಪಣಿ

ಮನುಷ್ಯನ ನೆನಪು ಮೋಸ ಮಾಡುತ್ತದೆ. ಕಂಡದ್ದನ್ನು ಕಂಡಲ್ಲೇ ಬರೆದಿಟ್ಟ ಟಿಪ್ಪಣಿಯೊಂದೇ ಮಾನವಶಾಸ್ತ್ರಜ್ಞನನ್ನು ಕಾಯುತ್ತದೆ. ಹೀಗೆಂದು ಮಂಡ್ಯದ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ನನ್ನ ಟಿಪ್ಪಣಿಗಳನ್ನು ಮಾತ್ರ ಸಂಜೆ ಮನೆಯಲ್ಲಿ, ಕಾಫಿ ಕುಡಿಯುತ್ತಾ, ನೆನಪಿನಿಂದ ಬರೆಯುತ್ತಿದ್ದೆ.

ಪುಟ್ಟಲಿಂಗಯ್ಯನವರು ಹಾಗಲ್ಲ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಮೀಟರು ನೋಡಿ ಲಾಗ್ ಪುಸ್ತಕ ಬರೆದೂ ಬರೆದೂ ನಿವೃತ್ತರಾದವರು. ಮಳವಳ್ಳಿ ಹತ್ತಿರದ ಅವರ ಊರನ್ನು ನಾನು ಪಿಎಚ್.ಡಿ.ಗೆ ಆರಿಸಿಕೊಂಡಾಗ ಸಹಾಯಕ್ಕೆ ಒಪ್ಪಿದರು. ನಿವೃತ್ತಿಗೆ ಮುಂಚೆ ಬಡ್ತಿ ಸಿಗಬೇಕಾದರೆ ನನಗೆ ಆ ಪದವಿ ಬೇಕಿತ್ತು. ಅವರಿಗೆ ಬರೆಯಲು ಏನಾದರೊಂದು ಬೇಕಿತ್ತು. ಏನೂ ನಡೆಯದಿದ್ದರೂ ಅರ್ಧ ಗಂಟೆಗೊಮ್ಮೆ ಗಡಿಯಾರ ನೋಡಿ ಬರೆಯುವರು:

“೧೦.೦೦: ಕೆಂಪಮ್ಮ ಮಾತಾಡಲಿಲ್ಲ. ೧೦.೩೦: ಈಗಲೂ ಇಲ್ಲ. ೧೧.೦೦: ಮೇಷ್ಟ್ರು ಮತ್ತೆ ಕೇಳಿದರು. ಬೈದಳು.”

ಕೆಂಪಮ್ಮ ಅವರಿಗಿಂತ ಹಿರಿಯಳು, ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. “ಏನ್ಲಾ ಪುಟ್ಲಿಂಗ, ನನ್ ಮೊಕದ್ ಮ್ಯಾಲೇನು ಮೀಟ್ರು ಕೂರ್ಸವ್ರಾ?”

“ನೀನು ಬಾಯ್ ಬುಡಕ್ಕ, ಮುಳ್ಳು ತಾನಾಗೇ ಏಳ್ತದೆ,” ಎಂದು ಇವರು ಅದನ್ನೂ ಬರೆದುಕೊಂಡರು.

ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಮುಯ್ಯಾಳು ಪದ್ಧತಿ ಆ ಊರಿನಲ್ಲಿ ಸತ್ತಿದೆ ಎಂಬುದೇ ನನ್ನ ಪ್ರಬಂಧದ ಜೀವ. ಸಲ್ಲಿಸಲು ಒಂದು ವಾರವಿದ್ದಾಗ ಪುಟ್ಟಲಿಂಗಯ್ಯನವರ ಪುಸ್ತಕವನ್ನು ಮನೆಗೆ ತಂದು ತಿರುವಿದೆ.

“೭.೩೦: ಕೆಂಪಮ್ಮನ ಗದ್ದೆ ನಾಟಿ. ಎಂಟು ಹೆಂಗಸರು. ಕೂಲಿ ಇಲ್ಲ, ಮುಯ್ಯಾಳು. ೮.೦೦: ಮೇಷ್ಟ್ರು ಬಂದಿಲ್ಲ. ೮.೩೦: ಬಂದಿಲ್ಲ.”

ಸಂಜೆ ಐದರವರೆಗೂ ಬಂದಿರಲಿಲ್ಲ. ಬಸ್ಸು ತಪ್ಪಿಸಿಕೊಂಡು ಮಂಡ್ಯದಲ್ಲೇ ಉಳಿದಿದ್ದ ನಾನು, ಆ ಊರಿನವರೆಲ್ಲ ಬರೀ ಕೂಲಿಗೇ ನಾಟಿ ಮಾಡುವುದನ್ನು ಅದೇ ದಿನದ ಟಿಪ್ಪಣಿಯಲ್ಲಿ ಎರಡು ಪುಟ ‘ಕಂಡಿದ್ದೆ’.

ಮರುದಿನ ಪುಸ್ತಕ ಹಿಡಿದು ಮೊದಲ ಬಸ್ಸಿಗೇ ಹೋದೆ. ಐದು ವರ್ಷದ ದಣಿವೆಲ್ಲ ಆ ಒಂದು ಪ್ರಯಾಣದಲ್ಲಿ ಮೈಗೆ ಬಂತು. ಪುಟ್ಟಲಿಂಗಯ್ಯನವರು ಕೆಮ್ಮುತ್ತಾ ಗೋಡೆಗೊರಗಿ ಕೂತಿದ್ದರು.

“ಆ ಒಂದು ಸಾಲು ಸ್ವಲ್ಪ ಬದಲಾಯಿಸಿದರೆ...” ಎಂದೆ.

“ಮಿಸೀನು ಓಡ್ತಾ ಇದ್ರೆ ಓಡ್ತಾ ಅದೆ ಅಂತ್ಲೇ ಬರೀಬೇಕು ಮೇಷ್ಟ್ರೇ. ನಿಂತೋಗದೆ ಅಂತ ನೀವು ಬರುದ್ರೆ ಅದೇನು ನಿಂತ್‌ಬುಡ್ತದಾ?”

ನಾನು ಆ ಪುಟ ತೆರೆದು ಅವರ ಮುಂದಿಟ್ಟೆ. ಅವರಿಗೆ ಕನಿಕರ ಹುಟ್ಟಿರಬೇಕು. ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು.

“ತಿದ್ದದೇ ಆದ್ರೆ ನೀವೇ ತಿದ್ದಿ. ಒಂದೇ ಗೆರೆ ಎಳೀರಿ, ಅಳೇದು ಕಾಣ್ಬೇಕು. ಪಕ್ಕದಲ್ಲಿ ಸೈನಾಕಿ.”

ಪೆನ್ನಿನ ಮುಚ್ಚಳ ತೆಗೆದೆ. ಸಹಿ ಹಾಕುವ ಧೈರ್ಯ ಬರಲಿಲ್ಲ. ಮುಚ್ಚಿ ಕೊಟ್ಟೆ. ಅವರು ಗಡಿಯಾರ ನೋಡಿ ನನ್ನೆದುರಿಗೇ ಬರೆದರು: “೧೧.೩೦: ಮೇಷ್ಟ್ರು ತಿದ್ದಲಿಲ್ಲ.”

ಅದೇ ಕೊನೆಯ ಭೇಟಿ. ಆ ಕಾರ್ತಿಕದಲ್ಲಿ ಅವರು ತೀರಿಕೊಂಡರು. ನಾನು ಮೂರು ಅಧ್ಯಾಯಗಳನ್ನು ಹೊಸದಾಗಿ ಬರೆದೆ. ಪದವಿ ಬಂದಾಗ ನಿವೃತ್ತನಾಗಿ ಒಂದು ವರ್ಷ ಎರಡು ತಿಂಗಳಾಗಿತ್ತು.