ಮಾಸ್ತರರ ಬುಧ

ಸಾಂತಾಕ್ರೂಜ್ ಸ್ಟೇಶನ್ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಪ್ಲಾಸ್ಟಿಕ್ ಚೀಲದಿಂದ ಮಗಳ ಜಾತಕ ತೆಗೆದು ಬಿಡಿಸಿದಳು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಹಳೆಯ ಕಾಗದ. ಯಂತ್ರದ ಬಿಸಿ ತಾಗಿದ್ದೇ ಅದರಿಂದ ಎದ್ದ ವಾಸನೆಗೆ ನಾನು ಬಂದ ಕೆಲಸ ಮರೆತು ನಿಂತೆ. ನಮ್ಮ ಚಾಳಿನ ಎರಡು ಕೋಣೆಗಳಿಗೆ ಇದೇ ವಾಸನೆಯಿತ್ತು. ಅದರೊಳಗೆ ಬೆರೆತ ಅಪ್ಪನ ಅಂಗಿಯ ಸಾಂಬಾರಿನ ವಾಸನೆ. ಹಗಲೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅಪ್ಪ ಸಂಜೆ ಊರ ಕಡೆಯವರ ಜಾತಕ ನೋಡುತ್ತಿದ್ದರು. ಈಗ ಆ ಚಾಳೂ ಇಲ್ಲ, ಅಪ್ಪನೂ ಇಲ್ಲ. ನೆನಪಾದರೂ ಇದೆ ಎನ್ನಲು ಧೈರ್ಯವಿಲ್ಲ. ಅದು ನನ್ನ ಪರವಾಗಿಯೇ ಮಾತಾಡುವುದನ್ನು ಬಹಳ ಸಲ ಹಿಡಿದಿದ್ದೇನೆ.

ವಾಸುದೇವ ಮಾಸ್ತರರು ಕನ್ನಡ ಶಾಲೆಯಲ್ಲಿ ನಮಗೆ ಗಣಿತ ಕಲಿಸುತ್ತಿದ್ದರು. ಹಳಗನ್ನಡದ ಗಣಿತಗ್ರಂಥಗಳ ವಿದ್ವಾಂಸರು. ಹನ್ನೊಂದು ವರ್ಷದಿಂದ ಆ ಬಗ್ಗೆ ಪುಸ್ತಕವೊಂದನ್ನು ಬರೆಯುತ್ತಿದ್ದರು. ಕೆಲಸ ಬಿಟ್ಟು ಅದನ್ನು ಮುಗಿಸಲೇ ಎಂದು ಕೇಳಲು ಒಂದು ಭಾನುವಾರ ಜಾತಕ ಹಿಡಿದು ಬಂದರು. ಮಳೆ ಬರುತ್ತಿತ್ತು ಎಂದು ಬರೆಯಹೊರಟೆ. ಇಲ್ಲ, ಅಮ್ಮ ಗ್ಯಾಲರಿಯಲ್ಲಿ ಹಪ್ಪಳ ಒಣಗಿಸಿದ್ದಳು. ಅಪ್ಪನ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು, ಕಣ್ಣಿಗೆ ಹಸಿರು ಬಟ್ಟೆ.

"ಮುಂದಿನ ವಾರ ಬನ್ನಿ ಮಾಸ್ಟ್ರೇ, ಈಗ ಎಂತದೂ ಕಾಣುದಿಲ್ಲ," ಎಂದರು ಅಪ್ಪ.

"ನಾನು ಓದಿ ಹೇಳ್ತೇನೆ," ಎಂದೆ. ಯಾರೂ ಕರೆದಿರಲಿಲ್ಲ.

"ಓದ್ಲಿ ಭಟ್ರೇ. ಲೆಕ್ಕದಲ್ಲಿ ಇವಳಿಗೆ ನೂರಕ್ಕೆ ನೂರು ಕೊಟ್ಟದ್ದು ನಾನೇ ಅಲ್ವಾ," ಎಂದು ಮಾಸ್ತರರು ನಕ್ಕರು.

ಮಾಸ್ತರರು ಹುಟ್ಟಿದ್ದು ಗಿರ್ಗಾಂವ್‌ನಲ್ಲಿ. ಜಾತಕ ಬರೆದವರು ಮರಾಠಿ ಜೋಶಿ. ನಮ್ಮ ಚೌಕದ ಕುಂಡಲಿಯಲ್ಲಿ ಮೇಷ, ವೃಷಭಗಳಿಗೆಲ್ಲ ಗೊತ್ತಾದ ಜಾಗವಿದೆ, ಎಣಿಕೆ ಬಲಕ್ಕೆ. ಮರಾಠಿಯವರ ಕುಂಡಲಿಯಲ್ಲಿ ಎಣಿಕೆ ಎಡಕ್ಕೆ. ಯಾವ ಮನೆ ಯಾವ ರಾಶಿ ಎಂಬುದನ್ನು ಒಳಗಿನ ಅಂಕಿ ಹೇಳುತ್ತದೆ. ನನಗದು ಆಗ ತಿಳಿದಿರಲಿಲ್ಲ. ಅಂಕಿಗಳನ್ನು ಬಿಟ್ಟು, ಮೇಲಿನ ಮನೆಯೇ ಮೇಷವೆಂದು ಬಲಕ್ಕೆ ಎಣಿಸಿದೆ. ಆರನೆಯ ರಾಶಿಯಾದ ಕನ್ಯೆಯಲ್ಲಿ ಉಚ್ಚನಾಗಿ ಕುಳಿತಿದ್ದ ಬುಧ ನನ್ನ ಬಾಯಲ್ಲಿ ಮೀನಕ್ಕೆ ಬಿದ್ದ. ಬುಧನಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

"ಸರಿ ನೋಡಿದ್ಯಾ ಮಗಾ?" ಎಂದರು ಅಪ್ಪ.

"ನೋಡಿದೆ."

ಅಪ್ಪ ಬೆರಳು ಮಡಿಸಿ ಎಣಿಸಿದರು. "ವಿದ್ಯೆ ಕೊಡುವವನೇ ನೀಚನಾಗಿ ಕೂತಿದ್ದಾನೆ ಮಾಸ್ಟ್ರೇ. ಪುಸ್ತಕ ನಿಮ್ಮ ಕೈಗೆ ಹತ್ತುದಿಲ್ಲ. ಶಾಲೆ ಬಿಡ್ಬೇಡಿ."

"ಬುಧನಿಗೂ ನನ್ನ ಅಕ್ಷರ ಓದ್ಲಿಕ್ಕೆ ಆಗ್ಲಿಲ್ಲ, ಕಾಣ್ತದೆ," ಎಂದರು ಮಾಸ್ತರರು. ಅಮ್ಮ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದರು. ಅಲ್ಲ, ಪೂರ್ತಿ ಕುಡಿದರು. ಲೋಟವನ್ನು ತಾವೇ ಮೂಲೆಯ ಬಚ್ಚಲಮೋರಿಯಲ್ಲಿ ತೊಳೆದು ಕವುಚಿ ಇಟ್ಟರು. ಅರ್ಧ ಬಿಟ್ಟು ಹೋಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅದೇ ವರ್ಷ ದೀಪಾವಳಿಗೆ ಮರಾಠಿ ಗೆಳತಿಯೊಬ್ಬಳ ಅಜ್ಜಿ ತನ್ನ ಮೊಮ್ಮಗನ ಕುಂಡಲಿ ಹರವಿ ಆ ಅಂಕಿಗಳ ಅರ್ಥ ಹೇಳಿದಳು. ಮಾಸ್ತರರ ಬುಧನಿದ್ದ ಮನೆಯಲ್ಲಿ ನಾನು ಓದದೆ ಬಿಟ್ಟ ಅಂಕಿ ಆರು. ಮಾಸ್ತರರ ಖೋಲಿ ನಮ್ಮಿಂದ ಮೂರು ಬಾಗಿಲಾಚೆ, ಹೋಗಲಿಲ್ಲ. ಅಪ್ಪನ ಹೆಸರು ಕೆಡುತ್ತದೆಂದು ಬಾಯಿ ಮುಚ್ಚಿದೆ ಎಂದೇ ಬಹಳ ವರ್ಷ ನಂಬಿದ್ದೆ. ಈಗನಿಸುತ್ತದೆ, ಹೆದರಿದ್ದು ನನ್ನ ನೂರಕ್ಕೆ ನೂರು ಹೋಗುತ್ತದೆಂದು. ಮಾಸ್ತರರು ನಿವೃತ್ತಿಯವರೆಗೂ ಮಗ್ಗಿ ಹೇಳಿಸಿದರು. ಬರೆದ ಹಾಳೆಗಳು ಟ್ರಂಕಿನಲ್ಲೇ ಉಳಿದವು.

ಹೋದ ವರ್ಷ ಅವರು ಪವಾಯಿಯಲ್ಲಿ ತಂಗಿಯ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹೋದೆ. ಗುರುತು ಹಿಡಿದರು.

"ಮಾಸ್ಟ್ರೇ, ನಾನು ಆವತ್ತು ತಪ್ಪು ಓದಿದ್ದೆ. ನಿಮ್ಮ ಬುಧ ಮೀನದಲ್ಲಿಲ್ಲ, ಕನ್ಯೆಯಲ್ಲಿ. ಉಚ್ಚದಲ್ಲಿದ್ದಾನೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಕೈ ಹಿಡಿದು ನಕ್ಕರು.

"ಸಾಯುವವನಿಗೆ ಎಲ್ಲರೂ ಒಳ್ಳೆ ಮಾತೇ ಹೇಳ್ತಾರೆ ಮಗಾ. ನೀನಾದ್ರೂ ಲೆಕ್ಕ ಸರಿಯಾಗಿ ಹೇಳು."

ಇನ್ನೊಂದು ಸಲ ಹೇಳಬಹುದಿತ್ತು. ಜಾತಕ ತರಿಸಿ ಅಂಕಿ ತೋರಿಸಬಹುದಿತ್ತು. ಅಷ್ಟರಲ್ಲಿ ನರ್ಸ್ ಗಂಜಿ ತಂದಳು. ನಾನು ಎದ್ದು ಅವಳಿಗೆ ಜಾಗ ಬಿಟ್ಟೆ.