ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿದ್ದ ಕಾಟಾ ಕಂಪ್ಯೂಟರ್

ಸ್ನೇಹಿತರೇ, ಇವತ್ತು ಬೆಳಗ್ಗೆ ಕಂಪ್ಲಿಯ ಒಂದು ರೈಸ್ ಮಿಲ್ಲಿಗೆ ಓಡಬೇಕಾಯಿತು. ಅಲ್ಲಿ ಟ್ರ್ಯಾಕ್ಟರ್ ತೂಗುವ ಕಾಟಾದ ಲಿನಕ್ಸ್ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ. ತೂಕದ ಹೊಸ ಪ್ರೋಗ್ರಾಮನ್ನೂ ಅದು ನಡೆಯಲು ಬೇಕಾದ ಹೊಸ ಲೈಬ್ರರಿ ಫೈಲನ್ನೂ ನಿನ್ನೆ ಹಾಕಿದ್ದೆ, ಅವಸರದಲ್ಲಿ ತೆರೆದು ನೋಡಿರಲಿಲ್ಲ. ಇವತ್ತು ಪ್ರೋಗ್ರಾಮ್ ತೆರೆಯಲೇ ಇಲ್ಲ.

ಹೊರಗೆ ಮೆಟ್ರಿ ಊರಿನ ಭತ್ತದ ಟ್ರ್ಯಾಕ್ಟರುಗಳು ಕಾಯುತ್ತಿದ್ದವು. ಮೋಡ ಬೇರೆ ಕಟ್ಟಿತ್ತು.

"ಹೊಸಾದು ಹಾಕೀನಿ ಅಂದ್ರಲ್ರಿ, ಎಲ್ಲೈತಿ?" ಎಂದರು ಕಾಟಾದಲ್ಲಿ ತೂಕ ಬರೆದುಕೊಳ್ಳುವ ಗಂಗಮ್ಮ.

"ಇಲ್ಲೇ ಐತ್ರಿ ಅಕ್ಕಾ" ಎಂದು ಫೋಲ್ಡರ್ ತೋರಿಸಿದೆ.

"ನನಗ ತೋರಿಸಿದ್ರ ಏನ್ ಬಂತು? ಅದಕ್ಕ ಕಾಣಬೇಕಲ್ರಿ!"

ನಿಜ. ಪ್ರೋಗ್ರಾಮ್ ಯಾವ ಫೈಲನ್ನು ಎತ್ತಿಕೊಳ್ಳುತ್ತಿದೆ ಎಂದು ನೋಡಿದೆ. ಅದೇ ಹೆಸರಿನ ಹಳೆಯ ಫೈಲು ಬೇರೊಂದು ಫೋಲ್ಡರಿನಲ್ಲಿತ್ತು. ಮೊದಲು ಅಲ್ಲೇ ಹುಡುಕಬೇಕೆಂದು ಯಾರೋ ಪ್ರೋಗ್ರಾಮನ್ನು ಶುರು ಮಾಡುವ ಸ್ಟಾರ್ಟಪ್ ಫೈಲಿನಲ್ಲಿ ಒಂದು ಸಾಲು ಬರೆದಿದ್ದರು. ಹಳೆಯದು ಸಿಕ್ಕಿದ ಮೇಲೆ ಪ್ರೋಗ್ರಾಮ್ ಹೊಸದರ ತನಕ ಬರುತ್ತಲೇ ಇರಲಿಲ್ಲ. ಗಂಗಮ್ಮನವರಿಗೂ ಇದನ್ನು ಹೇಳಿ ಆ ಸಾಲು ಅಳಿಸಿದೆ, ಪ್ರೋಗ್ರಾಮ್ ತೆರೆಯಿತು. ಮಳೆ ಹನಿಯುವಷ್ಟರಲ್ಲಿ ಕೊನೆಯ ಟ್ರ್ಯಾಕ್ಟರೂ ತೂಗಿಸಿಕೊಂಡು ಶೆಡ್ಡಿನೊಳಗೆ ಹೋಗಿತ್ತು.

"ಯಾರ್ರೀ ಆ ಸಾಲು ಬರದವ್ರು? ಸಿಕ್ರ ಚಲೋತ್ನಂಗ ಬೈರಿ" ಎಂದರು ಗಂಗಮ್ಮ.

ಸಾಲಿನ ಪಕ್ಕದಲ್ಲಿ ಬರೆದವರ ಹೆಸರೂ ಇತ್ತು. ನನ್ನದೇ.

"ಆತ್ರಿ ಅಕ್ಕಾ, ಬೈತೀನಿ" ಎಂದು ಹೊಸಪೇಟೆ ಬಸ್ ಹತ್ತಿದೆ. ಇನ್ನೂ ಬೈದಿಲ್ಲ.