ರೇಡಿಯೋದಲ್ಲಿ ಗಿಡ್ಡಮ್ಮ ಹಾಡಿದ ಸಂಜೆ

ಗೋವಿನಕೋವಿಯಲ್ಲಿ ಹೊಲಿಗೆ ಮಿಷನ್ನಿಗೆ ಕರೆಂಟಿನ ಮೋಟಾರು ಹಾಕಿಸಿದ ಮೊದಲ ಹೆಂಗಸು ಸರ್ವಮಂಗಳಮ್ಮ. ಗಂಡ ತೀರಿಕೊಂಡ ಮೇಲೆ ಊರವರ ರವಿಕೆ, ಲಂಗ ಹೊಲಿದೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ತುಳಿದು ತುಳಿದು ಮಂಡಿ ಹಿಡಿದುಕೊಂಡಾಗ, ಎಪ್ಪತ್ತೆಂಟನೇ ಇಸವಿಯ ಯುಗಾದಿಗೆ ನ್ಯಾಮತಿಯಿಂದ ಮೋಟಾರು ತರಿಸಿದಳು. ಪೆಡಲಿನ ಮೇಲೆ ಕಾಲಿನ ಹೆಬ್ಬೆರಳು ಊರಿದರೆ ಸಾಕು, ಸೂಜಿ ಓಡುತ್ತಿತ್ತು.

ಅವಳ ಗೋಡೆಗೆ ಆತುಕೊಂಡೇ ಬೆನಕಪ್ಪನ ಕಿರಾಣಿ ಅಂಗಡಿ. ಅಲ್ಲೊಂದು ದೊಡ್ಡ ರೇಡಿಯೋ. ಸಂಜೆಯಾದರೆ ಬೀದಿಯ ಜನವೆಲ್ಲ ಅಂಗಡಿಯ ಜಗಲಿಯಲ್ಲಿ. ಮೋಟಾರು ಬಂದ ವಾರದೊಳಗೆ ಸರ್ವಮಂಗಳಮ್ಮನಿಗೆ ಒಂದು ಸಂಗತಿ ತಿಳಿಯಿತು. ಅವಳು ಪೆಡಲು ಒತ್ತಿದರೆ ಗೋಡೆಯಾಚೆ ರೇಡಿಯೋ ಬರಬರ ಅನ್ನುತ್ತದೆ, ಕಾಲೆತ್ತಿದರೆ ಸರಿಹೋಗುತ್ತದೆ. ಒತ್ತಿ ನೋಡಿದಳು, ಎತ್ತಿ ನೋಡಿದಳು. ಅನುಮಾನ ಉಳಿಯಲಿಲ್ಲ.

"ಈ ಮುಂಡೇದಕ್ಕೆ ಮುಪ್ಪು ಬಂತು!" ಎಂದು ಬೆನಕಪ್ಪ ರೇಡಿಯೋದ ನೆತ್ತಿಗೆ ಗುದ್ದುವುದು ಕೇಳಿಸುತ್ತಿತ್ತು. ನಿಜ ಹೇಳಿದರೆ ಸಂಜೆ ಹೊಲಿಯಬೇಡ ಅನ್ನುತ್ತಾರೆ. ಹಗಲಿನ ಕರೆಂಟು ನಂಬುವಂಥದ್ದಲ್ಲ. ಅವಳು ಬಾಯಿ ಬಿಡಲಿಲ್ಲ.

ಕೆಳಗಿನ ಕೇರಿಯ ಗಿಡ್ಡಮ್ಮ ಕೂಲಿ ಮಾಡುವವಳು. ನಾಟಿ ಗದ್ದೆಗೂ ಮದುವೆ ಚಪ್ಪರಕ್ಕೂ ಅವಳ ಪದ ಬೇಕೇ ಬೇಕು. ಆ ವರ್ಷ ಭದ್ರಾವತಿ ಆಕಾಶವಾಣಿಯವರು ಅವಳನ್ನು ಕರೆಸಿ ಹಾಡಿಸಿ ಧ್ವನಿ ಹಿಡಿದುಕೊಂಡಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಅದನ್ನು ಅಲ್ಲಿ ಕೇಳಿಸಿಕೊಳ್ಳದೆ ಓಡಿ ಬಂದಿದ್ದಳು. ಬುಧವಾರ ಸಂಜೆ ಹಾಡು ಬರುತ್ತದೆಂದು ಹೇಳಿದ್ದರು. ತನ್ನ ದನಿ ಹೊರಗಿನವರ ಕಿವಿಗೆ ಹೇಗಿರುತ್ತದೋ, ಗಿಡ್ಡಮ್ಮ ಒಂದು ಸಲವೂ ಕೇಳಿದವಳಲ್ಲ.

ಬುಧವಾರ ಜಗಲಿ ತುಂಬಿತು. ಗಿಡ್ಡಮ್ಮ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಕೆಳಗಿನ ಮೆಟ್ಟಿಲಲ್ಲಿ ಕೂತಳು. ಸರ್ವಮಂಗಳಮ್ಮ ಮೋಟಾರು ನಿಲ್ಲಿಸಿಯೇ ಇದ್ದಳು. ಸಮಾಚಾರ ಚೊಕ್ಕವಾಗಿ ಬಂತು. ಅಷ್ಟರಲ್ಲಿ ಮಗಳ ಮದುವೆ ಇಟ್ಟುಕೊಂಡ ಶಿವಗಂಗಮ್ಮ ಸರ್ವಮಂಗಳಮ್ಮನ ಮನೆಯೊಳಗೆ ನುಗ್ಗಿದಳು.

"ಇನ್ನೂ ರವಿಕೆಗೆ ತೋಳು ಕೂಡ್ಸಿಲ್ಲೇನೆ? ಬೆಳಗಾದ್ರೆ ಅರಿಶಿನ. ಹುಡುಗಿ ಬರೀ ಮೈಯಾಗೆ ಕುಂದ್ರಬೇಕೇನು?"

"ಒಂದು ಗಳಿಗೆ ತಡೀರಿ ಅಕ್ಕಾ, ಗಿಡ್ಡವ್ವನ ಹಾಡು ಐತೆ."

"ಹಾಡು ಕೇಳಾದು ಕಿವಿ. ಕೈಗೇನು ಧಾಡಿ?"

ಕಾರಣ ಹೇಳಬಹುದಿತ್ತು, ಹೇಳಲಿಲ್ಲ. ಹಾಡಿಗೆ ಮೊದಲು ಒಂದು ತೋಳು ಮುಗಿದೀತೆಂದು ಪೆಡಲು ಒತ್ತಿದಳು. ಗೋಡೆಯಾಚೆ ರೇಡಿಯೋ ಗಿಡ್ಡಮ್ಮನ ಹೆಸರು ಹೇಳಿದ್ದು ಬರಬರ ಸದ್ದಿನ ನಡುವೆಯೇ ಕೇಳಿಸಿತು. ಕಾಲು ಎತ್ತಲಿಲ್ಲ. ಇನ್ನೆರಡು ಬೆರಳಷ್ಟು ಹೊಲಿಗೆ ಅಂದುಕೊಂಡಳು, ಆಮೇಲೆ ಇನ್ನೆರಡು ಬೆರಳು. ನೂಲು ಕಡಿಯುವಷ್ಟರಲ್ಲಿ ಹಾಡು ಮುಗಿದುಹೋಗಿತ್ತು. ಹಿಂದೆಯೇ ಬಂದ ಗೊಬ್ಬರದ ಮಾತು ಒಂದಕ್ಷರ ಕೆಡದೆ ಕೇಳಿಸಿತು.

"ಗಿಡ್ಡವ್ವಾ, ಒಣಮೆಣಸಿನಕಾಯಿ ಹುರಿದಂಗೆ ಐತಲ್ಲೇ ನಿನ್ ಗಂಟ್ಲು!" ಎಂದ ಜಗಲಿಯಲ್ಲಿ ಕೂತಿದ್ದ ಬೋರಣ್ಣ. ಜಗಲಿಯೆಲ್ಲ ನಕ್ಕಿತು.

"ರೇಡಿಯೋದ್ದೇನೂ ತಪ್ಪಿಲ್ಲಪ್ಪ," ಎಂದ ಬೆನಕಪ್ಪ. "ಸಮಾಚಾರ ಸರಿಯಾಗೇ ಬಂತು. ಈಗ್ಲೂ ಸರಿಯಾಗೇ ಐತೆ."

ಗಿಡ್ಡಮ್ಮ ಸೆರಗು ಕೊಡವಿ ಎದ್ದಳು. "ಇಷ್ಟು ದಿನ ಮುಖ ನೋಡಿ ಹೊಗಳಿದ್ರಿ ನೀವೆಲ್ಲ. ರೇಡಿಯೋ ಮಿಷನ್ನು ದಾಕ್ಷಿಣ್ಯ ನೋಡಲ್ಲ."

ಮರುದಿನ ಅರಿಶಿನಕ್ಕೆ ಅವಳು ಬಂದಳು, ನೀರು ಹೊತ್ತಳು, ಹಾಡಲಿಲ್ಲ. ಗಂಟಲು ಕಟ್ಟಿದೆ ಅಂದಳು. ಮದುಮಗಳಿಗೆ ರವಿಕೆಯ ತೋಳು ಎರಕ ಹೊಯ್ದ ಹಾಗೆ ಕೂತಿತ್ತು. ಅದನ್ನು ನೋಡುತ್ತ ಸರ್ವಮಂಗಳಮ್ಮ ಅರ್ಧ ಊಟಕ್ಕೇ ಎಲೆ ಮಡಿಸಿ ಎದ್ದಳು. ನಾಟಿ ಬಂತು. ಗದ್ದೆಯಲ್ಲಿ ಬರೀ ಕೆಸರಿನ ಸದ್ದು.

ಕೊನೆಗೆ ಸರ್ವಮಂಗಳಮ್ಮನೇ ಗಿಡ್ಡಮ್ಮನ ಗುಡಿಸಿಲಿಗೆ ಹೋಗಿ ಮೋಟಾರಿನ ಸಂಗತಿ ಹೇಳಿದಳು. ಗಿಡ್ಡಮ್ಮ ನಕ್ಕುಬಿಟ್ಟಳು.

"ನನ್ ಸಮಾಧಾನಕ್ಕೆ ಹೇಳ್ತೀಯ ಬಿಡಕ್ಕಾ. ನಿನ್ ಹೊಲಿಗೆ ಮಿಷನ್ನು ಭದ್ರಾವತಿಗಂಟ ಹೋಗಿ ನನ್ ದನಿ ಕೆಡಿಸ್ತೇನು?"

ಬರೀ ಮಾತಿಗೆ ಬಗ್ಗುವಂಥದ್ದಲ್ಲ ಇದು. ಬೀದಿಗೆಲ್ಲ ತೋರಿಸಲೇಬೇಕು. ತೋರಿಸಿದರೆ ಸಂಜೆಯ ದುಡಿಮೆಗೆ ಎಳ್ಳುನೀರು. ಆದರೂ ಅವತ್ತೇ ಗಿಡ್ಡಮ್ಮನನ್ನು ಕೈಹಿಡಿದು ಕರೆತಂದು ಜಗಲಿಯ ಮುಂದೆ ನಿಲ್ಲಿಸಿದಳು. "ಎಲ್ರೂ ರೇಡಿಯೋ ಕೇಳ್ರಿ" ಎಂದು ಒಳಗೆ ಹೋಗಿ ಪೆಡಲು ಒತ್ತಿದಳು. ಮೆಣಸಿನಕಾಯಿ ಹುರಿದ ಅದೇ ಸದ್ದು. ಎತ್ತಿದಳು, ನಿಂತಿತು. ಮತ್ತೆ ಒತ್ತಿದಳು.

ಬೋರಣ್ಣ ತಲೆ ತಗ್ಗಿಸಿದ. ಬೆನಕಪ್ಪ ಅವಳ ಬಾಗಿಲಿಗೇ ಬಂದ. "ಅಯ್ಯೋ ನಿನ್ನ! ಇದರ ನೆತ್ತಿಗೆ ಗುದ್ದಿ ಗುದ್ದಿ ಕೈ ಊದಿಸ್ಕೊಂಡ್ನಲ್ಲೇ! ಗೊತ್ತಿತ್ತೇನು ನಿಂಗೆ?"

"ಗೊತ್ತಿತ್ತು. ಆವತ್ತೂ ಗೊತ್ತಿತ್ತು."

"ನನ್ ಹೆಸ್ರು ಹೇಳ್ದಾಗ?" ಎಂದಳು ಗಿಡ್ಡಮ್ಮ ಬೀದಿಯಿಂದ.

"ಆಗ್ಲೂ ಒತ್ಕೊಂಡೇ ಇದ್ದೆ ಕಣವ್ವ."

ಗಿಡ್ಡಮ್ಮ ಬೈಯಲಿಲ್ಲ. ಬಾಗಿಲಿಗೆ ಬಂದು ಕೇಳಿದಳು: "ಹಂಗಾದ್ರೆ ನನ್ ದನಿ ಹೆಂಗಿತ್ತಕ್ಕಾ, ರೇಡಿಯೋದಾಗೆ?"

ಬೆನಕಪ್ಪ ಅಂಗಡಿಗೆ ಹೋಗಿ ರೇಡಿಯೋ ಆರಿಸಿದ.

ಅಂದಿನಿಂದ ದೀಪ ಹಚ್ಚಿದ ಮೇಲೆ ಸರ್ವಮಂಗಳಮ್ಮ ಮೋಟಾರು ಮುಟ್ಟಲಿಲ್ಲ. ಕಾರ್ತೀಕ ಕಳೆದು ಮದುವೆಗಳು ಶುರುವಾದಾಗ ಗಿಡ್ಡಮ್ಮ ಮತ್ತೆ ಹಾಡಿದಳು. ಸರ್ವಮಂಗಳಮ್ಮ ಪ್ರತಿ ಚಪ್ಪರದಲ್ಲೂ ಹಿಂದೆ ನಿಂತು ಮುಗಿಯುವವರೆಗೂ ಕೇಳುತ್ತಿದ್ದಳು. ಆವತ್ತೂ ಹೀಗೆಯೇ ಬಂದಿರುತ್ತಿತ್ತು ಎಂದು ಗಿಡ್ಡಮ್ಮನಿಗೆ ಹೇಳಲು ಬಾಯಿತುದಿಗೆ ಬರುತ್ತಿತ್ತು. ಆ ದನಿಯನ್ನು ರೇಡಿಯೋದಲ್ಲಿ ಕೇಳದವಳು ಹೇಗೆ ಹೇಳಿಯಾಳು?